ಹೊಸ ಗಾಡಿ, ನಿಧಾನ!

ಹೊಸ ಕಾರು ಮನೆಗೆ ಬಂದ ದಿನ ಏನೇನು ನಡೆಯುತ್ತದೆಂಬುದು ಓದುಗರಿಗೆ ತಿಳಿಯದ ಸಂಗತಿಯೇನಲ್ಲ. ಚಕ್ರಗಳ ಕೆಳಗೆ ನಿಂಬೆಹಣ್ಣು, ಬಾನೆಟ್ಟಿನ ಮೇಲೆ ಕುಂಕುಮ, ಎದುರಿಗೆ ಒಡೆದ ತೆಂಗಿನಕಾಯಿ, ನೆರೆಹೊರೆಯವರಿಗೆ ಸಿಹಿ. ಆದರೆ ಪೂಜೆ ಮುಗಿದ ಮೇಲೆ ಹಿಂದೆ ಇನ್ನೊಂದು ವ್ರತ ಆರಂಭವಾಗುತ್ತಿತ್ತು. ಅದರ ಹೆಸರು ‘ರನ್ನಿಂಗ್ ಇನ್’. ಹೊಸ ಎಂಜಿನ್ನನ್ನು ಮೊದಲ ಕೆಲವು ನೂರು ಕಿಲೋಮೀಟರು ಮೆಲ್ಲಮೆಲ್ಲನೆ ಓಡಿಸಿ ಪಳಗಿಸುವ ಕ್ರಮವದು.

ಮಂಡ್ಯದಲ್ಲಿ ವಕೀಲರಾಗಿದ್ದ ನಮ್ಮ ತಂದೆಯವರು ಮುಂಗಡ ಹಣ ಕಟ್ಟಿ, ವರ್ಷಗಟ್ಟಲೆ ಕಾದು, 1978ರಲ್ಲಿ ಒಂದು ಪ್ರೀಮಿಯರ್ ಪದ್ಮಿನಿಯನ್ನು ಕೊಂಡರು. ಬೆಂಗಳೂರಿನಿಂದ ಮಂಡ್ಯಕ್ಕೆ ಸುಮಾರು 100 ಕಿಲೋಮೀಟರು. ಆ ದಾರಿಯನ್ನು ಕ್ರಮಿಸಲು ಅವರು ಮೂರು ಗಂಟೆ ತೆಗೆದುಕೊಂಡರು. ಹಿಂದಿನ ಗಾಜಿಗೆ ‘ರನ್ನಿಂಗ್ ಇನ್, ದಯವಿಟ್ಟು ಮುಂದೆ ಹೋಗಿ’ ಎಂದು ಬರೆದ ಕಾಗದ ಅಂಟಿಸಿದ್ದಿತು. ಬಸ್ಸು, ಲಾರಿ, ಕೊನೆಗೆ ಹಳೆಯ ಜಾವಾ ಮೋಟಾರುಸೈಕಲ್ಲು ಕೂಡ ಆ ವಿನಂತಿಯನ್ನು ಮನ್ನಿಸಿ ಮುಂದೆ ಹೋದವು!

ತಂದೆಯವರ ಕಟ್ಟಳೆ ಹೀಗಿದ್ದಿತು: 500 ಕಿಲೋಮೀಟರು ಆಗುವವರೆಗೆ ಗಂಟೆಗೆ 45ನ್ನು ಮೀರಕೂಡದು, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಕೂಡದು, ನಾಲ್ಕು ಜನರಿಗಿಂತ ಹೆಚ್ಚು ಕೂರಕೂಡದು, ಬಾಗಿಲನ್ನು ಬಡಿದು ಮುಚ್ಚಕೂಡದು. ಕೊನೆಯದಕ್ಕೂ ಎಂಜಿನ್ನಿಗೂ ಏನು ಸಂಬಂಧವೆಂದು ಕೇಳುವ ಧೈರ್ಯ ನಮಗಿರಲಿಲ್ಲ.

ಪ್ರತಿ ಭಾನುವಾರ ನಮ್ಮ ಸವಾರಿ ಮಂಡ್ಯದಿಂದ ಮದ್ದೂರಿಗೆ, ಅಲ್ಲಿಂದ ಕೆ.ಎಂ. ದೊಡ್ಡಿಯ ಮೇಲೆ ಮಳವಳ್ಳಿಗೆ ಹೊರಡುತ್ತಿತ್ತು. ಮಳವಳ್ಳಿಯಲ್ಲಿ ನಮ್ಮ ಅಜ್ಜಿ ಒಬ್ಬರೇ ಇದ್ದರು. ಹೋಗಿ ಬಂದರೆ 90 ಕಿಲೋಮೀಟರಿಗೆ ಹತ್ತಿರ. ದಾರಿಯುದ್ದಕ್ಕೂ ಕಬ್ಬಿನ ಗದ್ದೆ. 1933ರಲ್ಲಿ ಸ್ಥಾಪನೆಯಾದ ಮಂಡ್ಯದ ಸಕ್ಕರೆ ಕಾರ್ಖಾನೆಯತ್ತ ಕಬ್ಬು ಹೇರಿದ ಎತ್ತಿನ ಗಾಡಿಗಳು ಸಾಲಾಗಿ ಸಾಗುತ್ತಿದ್ದವು. ನಮ್ಮ ಕಾರು ಧೈರ್ಯವಾಗಿ ಹಿಂದೆ ಹಾಕುತ್ತಿದ್ದುದು ಅವುಗಳನ್ನು ಮಾತ್ರ. ಮದ್ದೂರಿನಲ್ಲಿ ನಾವು ವಡೆ ತಿನ್ನುತ್ತಿರುವಾಗ ತಂದೆಯವರು ಬಾನೆಟ್ಟು ಎತ್ತಿ, ಮಗುವಿನ ಹಣೆ ಮುಟ್ಟಿ ನೋಡುವವರಂತೆ, ರೇಡಿಯೇಟರಿನ ಬಿಸಿಯನ್ನು ನೋಡುತ್ತಿದ್ದರು.

ಮೀಟರು 312 ತೋರಿಸುತ್ತಿದ್ದ ಒಂದು ರಾತ್ರಿ ಪಕ್ಕದ ಮನೆಗೆ ಟ್ರಂಕ್ ಕಾಲ್ ಬಂದಿತು. ಅಜ್ಜಿಗೆ ಎದೆನೋವು, ಕೊನೆಯ ಬಸ್ಸು ಹೋಗಿಯಾಗಿತ್ತು. ತಂದೆಯವರು ಅಂಗಿ ಸಿಕ್ಕಿಸಿಕೊಂಡು ಹೊರಟರು. ಟಾರ್ಚು ಹಿಡಿಯಲೆಂದು ನಾನೂ ಹೋದೆ. ನನಗಾಗ ಹನ್ನೆರಡು ವರ್ಷ. ಊರು ದಾಟುತ್ತಲೇ ಮುಳ್ಳು 45ನ್ನು ಮೀರಿತು. ಮದ್ದೂರಿನಲ್ಲಿ ಶಿಂಷಾ ಸೇತುವೆಗೆ ಬರುವಷ್ಟರಲ್ಲಿ 80ರ ಹತ್ತಿರವಿದ್ದಿತು. ಅವರ ಮುಖ ನೋಡಿ ನಾನು ಮಾತನಾಡಲಿಲ್ಲ.

ಹಿಂತಿರುಗುವಾಗ ಅಜ್ಜಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದ್ದೆವು. ನೆರೆಮನೆಯ ಹೆಂಗಸೊಬ್ಬರು ಅವರ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದರು. ಎಂಜಿನ್ನಿನ ಸದ್ದು ಏರಿದಾಗ ಅಜ್ಜಿ ಕಣ್ಣು ತೆರೆದು, “ನಿಧಾನವಾಗಿ ಹೋಗು ಕಣಪ್ಪಾ, ಹೊಸ ಗಾಡಿ ಅಂತಿದ್ದೆ, ಕೆಟ್ಟೋದಾತು” ಎಂದರು. ತಂದೆಯವರು ಉತ್ತರ ಕೊಡಲಿಲ್ಲ. ಕನ್ನಡಿಯಲ್ಲಿ ಒಮ್ಮೆ ತಾಯಿಯನ್ನು ನೋಡಿ ಕಾಲನ್ನು ಇನ್ನಷ್ಟು ಒತ್ತಿದರು. ಆಸ್ಪತ್ರೆಯ ಬಾಗಿಲಲ್ಲಿ ಇಳಿದಾಗ ಕಾರಿನ ಬಾಗಿಲನ್ನು ಬಡಿದು ಮುಚ್ಚಿದವರೂ ಅವರೇ.

ಅರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತೆಂದು ವೈದ್ಯರು ಹೇಳಿದರು. ಅಜ್ಜಿ ಗುಣಮುಖರಾದರು.

500 ಕಿಲೋಮೀಟರಿಗೆ ಎಣ್ಣೆ ಬದಲಾಯಿಸಲು ಹೋದಾಗ ತಂದೆಯವರು, ತಪ್ಪು ಒಪ್ಪಿಕೊಳ್ಳುವ ಕಕ್ಷಿಗಾರನಂತೆ, ನಡೆದುದನ್ನು ಮೆಕ್ಯಾನಿಕ್ಕಿಗೆ ಹೇಳಿದರು. ಆತ ಹಳೆಯ ಎಣ್ಣೆಯನ್ನು ಬೆರಳಿಗೆ ಹಚ್ಚಿ ಬಿಸಿಲಿಗೆ ಹಿಡಿದ. ಲೋಹದ ಸಣ್ಣ ಕಣಗಳು ಹೊಳೆದವು. “ಇದು ಹೊಸ ಎಂಜಿನ್ನಿಗೆಲ್ಲ ಬರೋದೇ ಸ್ವಾಮಿ. ಒಂದು ರಾತ್ರಿಗೆ ಏನೂ ಆಗೋಲ್ಲ” ಎಂದ.

ಅವನ ಮಾತಿನ ಹಿಂದಿನ ಕಾರಣ ನನಗೆ ತಿಳಿದುದು ಬಹಳ ವರ್ಷಗಳ ಮೇಲೆ. ಸಿಲಿಂಡರಿನ ಒಳಗೋಡೆಯನ್ನು ಕಾರ್ಖಾನೆಯಲ್ಲಿ ಪೂರ್ತಿ ನುಣುಪು ಮಾಡುವುದಿಲ್ಲ. ಎಣ್ಣೆ ನಿಲ್ಲಲೆಂದು ಅಡ್ಡಡ್ಡವಾಗಿ ಸೂಕ್ಷ್ಮ ಗೀರುಗಳನ್ನು ಬಿಡುತ್ತಾರೆ. ಪಿಸ್ಟನ್ನಿನ ಉಂಗುರಗಳು ಆ ಗೀರುಗಳ ಏಣುಗಳನ್ನು ತೇಯ್ದು ಗೋಡೆಗೆ ಹೊಂದಿಕೊಳ್ಳಬೇಕು. ಅತಿವೇಗದಿಂದ ಬಿಸಿ ಹೆಚ್ಚಿದರೆ ಗೋಡೆ ಕೆರೆದುಹೋಗುವ ಭಯ. ಆದರೆ ಉಂಗುರವನ್ನು ಗೋಡೆಗೆ ಒತ್ತುವುದು ಉರಿದ ಅನಿಲದ ಒತ್ತಡವೇ. ಆದ್ದರಿಂದ ಸದಾ ತೀರ ಮೆಲ್ಲಗೆ ಓಡಿಸಿದರೆ ಉಂಗುರ ಹೊಂದಿಕೊಳ್ಳುವ ಮೊದಲೇ ಗೋಡೆ ಗಾಜಿನಂತೆ ನುಣುಪಾಗಿ, ಎಂಜಿನ್ನು ಎಣ್ಣೆ ಕುಡಿಯತೊಡಗುತ್ತದೆ. ಅತಿಯಾದ ಬಿರುಸೂ ಸಲ್ಲದು, ಅತಿಯಾದ ಮುದ್ದೂ ಸಲ್ಲದು. ಮಕ್ಕಳನ್ನು ಬೆಳೆಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಕಾರು ನಮ್ಮ ಮನೆಯಲ್ಲಿ ಹತ್ತೊಂಬತ್ತು ವರ್ಷ ಓಡಿತು. ಅಜ್ಜಿ ಒಂಬತ್ತು ವರ್ಷ ಅದರಲ್ಲಿ ಓಡಾಡಿದರು.

ಈಚೆಗೆ ನನ್ನ ಮಗ ಹೊಸ ಕಾರು ಕೊಂಡ. ಈಗಿನ ಎಂಜಿನ್ನುಗಳ ಕೆಲಸ ಬಹಳ ನಯವಾದುದು. ಆದರೂ ಅದರ ಕೈಪಿಡಿಯಲ್ಲಿ, ಮೊದಲ 1000 ಕಿಲೋಮೀಟರು ಎಂಜಿನ್ನನ್ನು ಬಹಳ ಜೋರಾಗಿ ತಿರುಗಿಸಬೇಡಿ, ಒಂದೇ ವೇಗದಲ್ಲಿ ಬಹುದೂರ ಓಡಿಸಬೇಡಿ ಎಂಬ ಮಾತು ಇದ್ದೇ ಇದೆ. 2023ರ ಮಾರ್ಚಿಯಲ್ಲಿ ಉದ್ಘಾಟನೆಯಾದ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಒಂದೇ ಸಮನೆ ಓಡಿಸುವುದೇ ಸುಖ. ಹೊಸ ಎಂಜಿನ್ನಿಗೆ ಸಲ್ಲದುದೂ ಅದೇ. ಆದ್ದರಿಂದ ಮಗನನ್ನು ಒಪ್ಪಿಸಿ ಮದ್ದೂರು, ಕೆ.ಎಂ. ದೊಡ್ಡಿ, ಮಳವಳ್ಳಿಯ ದಾರಿ ಹಿಡಿದೆವು. ಊರು, ತಿರುವು, ಉಬ್ಬು, ಕಬ್ಬಿನ ಟ್ರಾಕ್ಟರು. ವೇಗ ತಾನಾಗಿಯೇ ಏರಿಳಿಯಿತು.

“ಈ 1000 ಕಿಲೋಮೀಟರು ಕಳೆಯುವಷ್ಟರಲ್ಲಿ ತಲೆ ಕೆಡುತ್ತದಪ್ಪ. ತಾತನವರು ನಿಯಮವನ್ನು ಒಂದು ಸಲವೂ ಮೀರಲಿಲ್ಲವೆ?” ಎಂದು ಮಗ ಕೇಳಿದ.

ನಾವು ಆಗ ಶಿಂಷಾ ಸೇತುವೆಯನ್ನು ದಾಟುತ್ತಿದ್ದೆವು. “ಒಂದೇ ಒಂದು ಸಲ ಮೀರಿದರು” ಎಂದು ಹೇಳಲಾರಂಭಿಸಿದೆ. ಕಥೆ ಮಳವಳ್ಳಿಯವರೆಗೂ ಸಾಗಿತು. ಇಳಿದಾಗ ಅವನು ಬಾಗಿಲನ್ನು ಸದ್ದಾಗದಂತೆ ಮುಚ್ಚಿದ.