ಆ್ಯಪ್ ಮಾಡೋದು ಸರಿ, ಮಂದಿ ಎಲ್ಲಿಂದ ತರೋದು?

ಕಟಕೋಳದಾಗ ರಾಮದುರ್ಗದ ಬಸ್ಸಿಗೆ ಕಾಯ್ಕೋತ ಕುಂತೀನಿ. ಬಾಜೂಕ ಕುಂತ ಹುಡುಗ ಲ್ಯಾಪ್‌ಟಾಪ್ ತಗದು, "ಅಣ್ಣಾರ, ಬರೇ ನಮ್ಮ ಭಾಗದ ಮಂದೀಗಂತ ಒಂದ್ ಆ್ಯಪ್ ಮಾಡಾಕತ್ತೀನ್ರಿ, ಫೇಸ್‌ಬುಕ್ ಇದ್ದಂಗ" ಅಂದ. ಫೋನಿನ ಅಳತಿಗೆ ಚಂದ ಕಾಣ್ತಿತ್ತು. ಟ್ಯಾಬಿನ ಅಳತಿಗೆ ಹಿಗ್ಗಿಸಿದ ಕೂಡ್ಲೆ ಫೋಟೋ ಒಂದ್ ಕಡೆ, ಲೈಕ್ ಬಟನ್ ಇನ್ನೊಂದ್ ಕಡೆ! ಅದನ್ನ ಅಂವ ರಿಪೇರಿ ಮಾಡ್ತಾನ ಬಿಡ್ರಿ.

ಆದ್ರ ಮಂದೀನ ತರೋ ವಿಚಾರಕ್ಕ ನನಗ ನೆನಪಾಗಿದ್ದು 'ಕೂ' ಅನ್ನೋ ಸೋಷಿಯಲ್ ಮೀಡಿಯಾ ಆ್ಯಪ್. ಬೆಂಗಳೂರಿನಾಗ ಅಪ್ರಮೇಯ ರಾಧಾಕೃಷ್ಣ, ಮಯಾಂಕ್ ಬಿದಾವತ್ಕ ಕೂಡಿ 2020ರಾಗ ಶುರು ಮಾಡಿದ್ದು. ಅದೂ ಮೊದಲು ಕನ್ನಡದಾಗ, ಹಿಂದಿ ಆಮ್ಯಾಲೆ. ಅದೇ ವರ್ಷ ಕೇಂದ್ರ ಸರ್ಕಾರದ ಆತ್ಮನಿರ್ಭರ ಆ್ಯಪ್ ಸ್ಪರ್ಧೆಯೊಳಗ ಗೆದ್ದಿತ್ತು. ಮಂತ್ರಿಗಳು ಬಂದ್ರು, ಸಿನಿಮಾದವರು ಬಂದ್ರು, ಕೋಟಿಗಟ್ಟಲೆ ಡೌನ್‌ಲೋಡೂ ಆತು. 2024ರ ಜುಲೈದಾಗ ಬಾಗಲಾ ಹಾಕ್ತು. ದೊಡ್ಡ ಕಂಪನಿಗಳ ಕೂಡ ನಡೆದಿದ್ದ ಮಾತುಕತಿ ಮುರದು ಬಿತ್ತು, ನಡೆಸೋ ಖರ್ಚು ಭಾಳ ಅಂತ ಅವರ ಹೇಳಿದ್ರು.

ನನಗನಸೋದು, ಡೌನ್‌ಲೋಡ್ ಮಾಡಸಬಹುದು, ದಿನಾ ತಗಿಯೋ ಚಟಾ ಹಚ್ಚೋದ ಕಷ್ಟ. ಮಾವ, ಕಾಕಾ, ಗೆಳ್ಯಾರು ಎಲ್ಲಾ ವಾಟ್ಸಾಪ್‌ನಾಗ ಇರೂತನಕ ಒಬ್ಬಂವ ಎದ್ದು ಹೊಸಾ ಕಡೆ ಹೋಗಿ ಯಾರ ಕೂಡ ಮಾತಾಡಬೇಕು? ಮಂದಿ ಇಲ್ಲದ ಜಾತ್ರಿಗೆ ಮಿಠಾಯಿ ಅಂಗಡಿ ಹಾಕಿದಂಗ.

ಹುಡುಗಗ ಒಂದ್ ಹೇಳಿದೆ: ಲೈಕ್ ಇರ್ಲಿ, ಮೊದಲ ಬೈಲಹೊಂಗಲ ಎಪಿಎಂಸಿ ದರ ಹಾಕು, ಯಾರ ಟ್ರ್ಯಾಕ್ಟರ್ ಬಾಡಿಗಿಗೆ ಖಾಲಿ ಐತಿ ಅನ್ನೋದ ಹಾಕು.

ನೀವು ವಾಟ್ಸಾಪ್ ಬಿಟ್ಟು ಬರಬೇಕಂದ್ರ ಈ ಹುಡುಗನ ಆ್ಯಪ್‌ನಾಗ ಏನಿರಬೇಕ್ರಿ? ಕೆಳಗ ಬರೀರಿ, ಹುಡುಗಗ ಕಳಸ್ತೀನಿ.