ಭೋಗ್, ಪರಮಪ್ರಸಾದ, ಮಾಇದ

ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲೂಕಿನ ಸೂರಗೊಂಡನಕೊಪ್ಪಕ್ಕೆ ಫೆಬ್ರವರಿಯಲ್ಲಿ ಹೋದವರಿಗೆ ಅಲ್ಲಿ ಸೇರುವ ಜನರ ಅಂದಾಜು ಇರುತ್ತದೆ. ಸಂತ ಸೇವಾಲಾಲರು 1739ರ ಫೆಬ್ರವರಿ 15ರಂದು ಇಲ್ಲೇ ಹುಟ್ಟಿದರೆಂಬುದು ಬಂಜಾರರ ನಂಬಿಕೆ. ಮಾಲೆ ಧರಿಸಿದವರು ದೂರದ ತಾಂಡಾಗಳಿಂದ ಕಾಲ್ನಡಿಗೆಯಲ್ಲೇ ಬರುತ್ತಾರೆ. ಕೆಂಡಕ್ಕೆ ತುಪ್ಪ, ಸಿಹಿ ಅರ್ಪಿಸಿ ಪ್ರಾರ್ಥಿಸುವುದಕ್ಕೆ ಅವರು ಭೋಗ್ ಎನ್ನುತ್ತಾರೆ. ಆಮೇಲೆ ಆ ಸಿಹಿ ಎಲ್ಲರ ಕೈಗೂ ಬರುತ್ತದೆ. ನಮ್ಮ ಮುಂದೆಯೂ ಬಂತು.

ನಾವು ತೆಗೆದುಕೊಳ್ಳಲಿಲ್ಲ. ಅಲ್ಲಾಹನಲ್ಲದವರಿಗೆ ಅರ್ಪಿತವಾದುದನ್ನು ಪವಿತ್ರ ಕುರ್‌ಆನ್ ನಿಷೇಧಿಸಿದೆ. ಆ ಆದೇಶ ಬಲಿಯ ಮಾಂಸಕ್ಕೆ ಸಂಬಂಧಿಸಿದ್ದು, ಸಿಹಿಗೆ ಅನ್ವಯಿಸದು ಎನ್ನುವ ವಿದ್ವಾಂಸರಿದ್ದಾರೆ; ಅನ್ವಯಿಸುತ್ತದೆ ಎನ್ನುವವರೂ ಇದ್ದಾರೆ. ಸಂಶಯವಿದ್ದಲ್ಲಿ ಬಿಟ್ಟುಬಿಡುವವರ ಸಾಲಿಗೆ ಸೇರಿದವರು ನಾವು. ಹಂಚುತ್ತಿದ್ದ ವಯಸ್ಸಾದ ತಾಯಿ ನಮ್ಮ ಟೋಪಿ ನೋಡಿ, "ಬ್ಯಾಡಾದ್ರೆ ಬಿಡ್ರಿ ಸಾಬ್ರೇ, ನೀರಾದ್ರೂ ಕುಡೀರಿ" ಅಂದರು. ಚೊಂಬಿನ ನೀರು ಕುಡಿದೆವು. ಇಬ್ಬರಿಗೂ ಬೇಸರವಾಗಲಿಲ್ಲ. ಆ ಪ್ರಸಾದ ಬರೀ ತಿಂಡಿಯಲ್ಲ ಎಂಬುದು ಇಬ್ಬರಿಗೂ ಗೊತ್ತಿತ್ತು. ಅದಕ್ಕೇ ಅವರು ಒತ್ತಾಯಿಸಲಿಲ್ಲ, ನಾವು ಸುಮ್ಮನೆ ಬಾಯಿಗೆ ಹಾಕಿಕೊಳ್ಳಲಿಲ್ಲ.

ಇದೇ ಜಿಲ್ಲೆಯ ಹರಿಹರದಲ್ಲಿ ಆರೋಗ್ಯ ಮಾತೆಯ ಚರ್ಚಿದೆ. ಹಬ್ಬ ಸೆಪ್ಟೆಂಬರ್ 8ರಂದು. ಹರಕೆ ಹೊತ್ತು ಎಲ್ಲ ಧರ್ಮದವರೂ ಬರುತ್ತಾರೆ, ಮೊಂಬತ್ತಿ ಹಚ್ಚುತ್ತಾರೆ. ಆದರೆ ಬಲಿಪೂಜೆಯ ಕೊನೆಯಲ್ಲಿ ಗುರುಗಳು ಕೊಡುವ ತೆಳ್ಳಗಿನ ಗೋಧಿ ರೊಟ್ಟಿ ಎಲ್ಲರಿಗೂ ಇಲ್ಲ. ಕನ್ನಡ ಕಥೊಲಿಕರು ಅದನ್ನು ಪರಮಪ್ರಸಾದ ಎನ್ನುತ್ತಾರೆ, ಪ್ರೊಟೆಸ್ಟಂಟರು ಕರ್ತನ ಭೋಜನ. ಪ್ರಸಾದ, ಪೂಜೆ ಎಂಬ ನಮ್ಮ ನೆಲದ ಮಾತುಗಳಿಂದಾಗಿ, ಹೊರಗಿನವರು ಇದನ್ನು ತೀರ್ಥ-ಪ್ರಸಾದದಂತೆ ಭಾವಿಸಿ ಸಾಲಿನಲ್ಲಿ ನಿಲ್ಲುವುದುಂಟು. ಗುರುಗಳು ಕೊಡದಿದ್ದರೆ ಮುಖ ಸಪ್ಪೆಯಾಗುತ್ತದೆ.

ಕ್ರೈಸ್ತರ ಪಾಲಿಗೆ ಆ ರೊಟ್ಟಿ ಏನು? ಸೆರೆಸಿಕ್ಕಿದ ರಾತ್ರಿಯೇ, ಅದಕ್ಕೆ ಮುನ್ನ, ಯೇಸು ಶಿಷ್ಯರ ಜೊತೆ ಕೂತು, ರೊಟ್ಟಿ ಮುರಿದು ಇದು ನನ್ನ ದೇಹ ಎಂದರೆಂಬುದು ಅವರ ವಿಶ್ವಾಸ. ಆ ರೊಟ್ಟಿ ನಿಜಕ್ಕೂ ಕ್ರಿಸ್ತನ ದೇಹವಾಗುತ್ತದೆ ಎಂದು ಕಥೊಲಿಕರು ನಂಬುತ್ತಾರೆ. ಈ ಒಂದೇ ವಾಕ್ಯದ ಅರ್ಥಕ್ಕಾಗಿ 1529ರಲ್ಲಿ ಜರ್ಮನಿಯ ಮಾರ್ಬುರ್ಗ್‌ನಲ್ಲಿ ಲೂಥರ್ ಮತ್ತು ಜ್ವಿಂಗ್ಲಿ ವಾದಿಸಿ ಒಮ್ಮತಕ್ಕೆ ಬಾರದೆ ಎದ್ದುಹೋದರು. ಶಿಲುಬೆಯನ್ನೇ ಒಪ್ಪದ ಮುಸ್ಲಿಮರಾದ ನಮಗೆ ಆ ಜಗಳದಲ್ಲಿ ಪಾಲಿಲ್ಲ. ಆದರೆ ವುಝೂ ಇಲ್ಲದೆ ನಮಾಝಿಗೆ ನಿಲ್ಲದ ನಮಗೆ, ತಯಾರಿ ಇಲ್ಲದೆ ಆ ರೊಟ್ಟಿಗೆ ಕೈಚಾಚಬಾರದೆಂಬ ಅವರ ಮಾತು ಅರ್ಥವಾಗದ್ದಲ್ಲ. ಗಂಭೀರ ಪಾಪ ಮಾಡಿದವರು ಮೊದಲು ಪಾಪನಿವೇದನೆ ಮಾಡಬೇಕು. ಸ್ವೀಕರಿಸುವ ಒಂದು ಗಂಟೆ ಮೊದಲಿನಿಂದ ಏನೂ ತಿನ್ನಬಾರದು.

ಕೊಡದಿರುವುದರಲ್ಲೂ ಎರಡು ಬಗೆ ಇದೆ. ವಿಶ್ವಾಸ ಬೇರೆ ಎಂದು ಕೊಡದಿರುವುದು ಒಂದು. ನೀನು ಕೀಳು ಎಂದು ಕೊಡದಿರುವುದು ಇನ್ನೊಂದು. ಎರಡನೆಯದನ್ನು ಸಂತ ಪೌಲನೇ ಖಂಡಿಸಿದ್ದಾನೆ. ಕೊರಿಂಥದ ಸಭೆಯಲ್ಲಿ ಉಳ್ಳವರು ಮೊದಲೇ ತಿಂದು ಕುಡಿದು ಮತ್ತರಾಗುತ್ತಿದ್ದರು, ಬಡವರು ಹಸಿದು ಕೂರುತ್ತಿದ್ದರು. ನಿಮ್ಮನ್ನು ನೀವೇ ಪರೀಕ್ಷಿಸಿಕೊಂಡು ತಿನ್ನಿ ಎಂದು ಅವನು ಬರೆದದ್ದು ಆ ಸಂದರ್ಭದಲ್ಲಿ. ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟ ವಲೀಮಾ ಊಟಕ್ಕಿಂತ ಕೆಟ್ಟ ಊಟವಿಲ್ಲ ಎಂಬರ್ಥದ ಹದೀಸ್ ಬುಖಾರಿ, ಮುಸ್ಲಿಂ ಎರಡರಲ್ಲೂ ಇದೆ. ನಮ್ಮ ಶಾದಿಮಹಲುಗಳಲ್ಲಿ ವಿಐಪಿಗಳಿಗೆಂದು ಬೇರೆ ಊಟದ ಹಾಲ್ ಇಡುವವರು ಇದನ್ನು ಓದಿಲ್ಲವೆಂದು ಕಾಣುತ್ತದೆ.

ನಮ್ಮ ನಾಡಿನಲ್ಲಿ ಈ ಪಂಕ್ತಿಯ ಬೆಲೆ ತೆತ್ತವರಿದ್ದಾರೆ. 1834ರಲ್ಲಿ ಬಾಸೆಲ್ ಮಿಶನ್ ಮಂಗಳೂರಿಗೆ ಬಂತು. 1844ರಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಅಲ್ಲಿ ದೀಕ್ಷಾಸ್ನಾನ ಪಡೆದಾಗ ಊರೇ ಕುದಿಯಿತು. ದೇವರು ಬದಲಾದದ್ದಷ್ಟೇ ಅಲ್ಲ, ಯಾರ ಜೊತೆ ಕೂತು ತಿನ್ನುತ್ತಾನೆ ಎಂಬುದೂ ಬದಲಾಯಿತಲ್ಲ! ಅವರೇ ಮುಂದೆ ಪಾದ್ರಿಯಾಗಿ ಕೊಡಗಿನಲ್ಲಿ, ಕ್ರೈಸ್ತರಾದ ದಲಿತ ಕೂಲಿಕಾರರಿಗೆ ನೆಲೆ ಮಾಡಿಕೊಟ್ಟರು. ಅಲ್ಲಿನ ಆನಂದಪುರಕ್ಕೆ ಬಂದದ್ದು ಅವರ ಹೆಸರು. ಹಾಗೆಂದು ಚರ್ಚಿನೊಳಗೆ ಜಾತಿ ಅಳಿಯಿತೆಂದು ಹೇಳಲಾರೆವು. ದಲಿತ ಕ್ರೈಸ್ತರು ಇಂದಿಗೂ ಆ ದೂರು ಹೇಳುತ್ತಾರೆ, ನಮ್ಮ ಪಸ್ಮಾಂದಾಗಳು ಹೇಳುವಂತೆಯೇ.

ಕುರ್‌ಆನಿನ ಐದನೆಯ ಅಧ್ಯಾಯದ ಹೆಸರೇ ಅಲ್ ಮಾಇದ, ಅಂದರೆ ಊಟ ಬಡಿಸಿದ ಹರಿವಾಣ. ಆಹಾರದ ವಿಧಿ-ನಿಷೇಧಗಳು ಅದರಲ್ಲೇ ಇವೆ, ಗ್ರಂಥದವರ ಆಹಾರ ನಮಗೆ ಧರ್ಮಬದ್ಧ ಎಂಬ ಅನುಮತಿಯೂ ಇದೆ. ಕೊನೆಯ ಭಾಗದಲ್ಲಿ ಹಝ್ರತ್ ಈಸಾ(ಅ)ರ ಶಿಷ್ಯರು ಆಕಾಶದಿಂದ ಹರಿವಾಣ ಇಳಿಯಲೆಂದು ಕೇಳುತ್ತಾರೆ: ಅದರಿಂದ ತಿನ್ನಬೇಕು, ಮನಸ್ಸು ನಿಶ್ಚಿಂತವಾಗಬೇಕು. ಈಸಾ(ಅ) ಮೊದಲು ಅಲ್ಲಾಹನನ್ನು ಭಯಪಡಿರೆಂದು ಎಚ್ಚರಿಸಿ, ಆಮೇಲೆ ಪ್ರಾರ್ಥಿಸುತ್ತಾರೆ. ಇಳಿಸುತ್ತೇನೆ, ಆದರೆ ಆಮೇಲೆ ನಿರಾಕರಿಸಿದವನಿಗೆ ಕಠಿಣ ಶಿಕ್ಷೆ ಎಂಬ ಉತ್ತರ ಬರುತ್ತದೆ. ಹರಿವಾಣ ಇಳಿಯಿತೆಂದು ಬಹುಪಾಲು ವ್ಯಾಖ್ಯಾನಕಾರರು ಹೇಳುತ್ತಾರೆ. ಹಸನ್ ಬಸರಿ ಮುಂತಾದವರು ಇಳಿಯಲಿಲ್ಲ ಎನ್ನುತ್ತಾರೆ. ಷರತ್ತು ಕೇಳಿ ಶಿಷ್ಯರು ಬೇಡಿಕೆಯನ್ನೇ ಹಿಂತೆಗೆದುಕೊಂಡರಂತೆ.

ಈ ಎರಡನೆಯ ಅಭಿಪ್ರಾಯ ನಮ್ಮನ್ನು ಹೆಚ್ಚು ಕಾಡುತ್ತದೆ. ಹಿಂಜರಿದ ಆ ಶಿಷ್ಯರನ್ನು ಅವಿಶ್ವಾಸಿಗಳೆಂದು ಹೇಗೆ ಹೇಳುವುದು? ಚರ್ಚಿನಲ್ಲಿ ಪರಮಪ್ರಸಾದದ ಸಾಲು ಮುಂದೆ ಸಾಗುವಾಗಲೂ ಒಬ್ಬಿಬ್ಬರು ಕ್ರೈಸ್ತರು ಬೆಂಚಿನಲ್ಲೇ ಕೂತಿರುತ್ತಾರೆ. ಪಾಪನಿವೇದನೆ ಆಗಿಲ್ಲದಿರಬಹುದು, ಮನೆಯಲ್ಲಿ ತಮ್ಮನ ಜೊತೆ ಮಾತು ಬಿಟ್ಟಿರಬಹುದು. ಪಕ್ಕದಲ್ಲಿ ಕೂತವರು ಕಾಲು ಮಡಚಿ ದಾರಿ ಬಿಡುತ್ತಾರೆ, ಕಾರಣ ಕೇಳುವುದಿಲ್ಲ.