ಕದಂಬ ಗದ್ಯಾಣಕ್ಕೆ ಎಷ್ಟು ಪಟ್ಟಿನ ಮಸೂರ?

ಗೋವೆಯ ಕದಂಬರ ಎರಡನೆಯ ರಾಜಧಾನಿ ಹಲಸಿ ಖಾನಾಪುರ ತಾಲ್ಲೂಕಿನಲ್ಲಿದ್ದು, ಆ ಅರಸರು ಟಂಕಿಸಿದ ಗದ್ಯಾಣವೆಂಬ ಚಿನ್ನದ ನಾಣ್ಯದ ಒಂದು ಮುಖದಲ್ಲಿ ಸಿಂಹವೂ ಇನ್ನೊಂದರಲ್ಲಿ ಕುಲದೈವ ಸಪ್ತಕೋಟೇಶ್ವರನ ವರಪ್ರಸಾದವನ್ನು ಸಾರುವ ನಾಗರಿ ಬರಹವೂ ಇವೆ. ಇಂಥ ನಾಣ್ಯವನ್ನು ಮೊದಲು 5 ಪಟ್ಟು ಹಿಗ್ಗಿಸುವ ಮಸೂರದಲ್ಲಿ ನೋಡುವುದೇ ಸರಿ. ಏಕೆಂದರೆ ಹಿಗ್ಗುವಿಕೆ ಏರಿದಂತೆ ಕಣ್ಣಿಗೆ ಬೀಳುವ ಭಾಗವೂ, ಉಬ್ಬುತಗ್ಗುಗಳು ಒಟ್ಟಿಗೆ ಸ್ಪಷ್ಟವಾಗಿ ಕಾಣುವ ಆಳವೂ ಕುಗ್ಗಿ, ಸಿಂಹದ ಬಾಲ ಕಂಡರೆ ಮುಖ ತಪ್ಪಿಹೋಗುತ್ತದೆ. ಅಚ್ಚಿನ ಬಿರುಕು, ಅಂದರೆ ಅಚ್ಚು ಸೀಳಿದ್ದರಿಂದ ನಾಣ್ಯದ ಮೇಲೆ ಮೂಡಿದ ಉಬ್ಬುಗೆರೆ, ಹಾಗೂ ಎರಕದ ನಕಲಿಯನ್ನು ಬಯಲಿಗೆಳೆಯುವ ಸಣ್ಣ ಗುಳಿಗಳನ್ನು ಗುರುತಿಸಲು 10 ಪಟ್ಟಿನ ಮಸೂರ ಬೇಕು. ಅದನ್ನು ನಾಣ್ಯದಿಂದ ಸುಮಾರು 2.5 ಸೆಂ.ಮೀ. ದೂರದಲ್ಲಿ, ಕಣ್ಣಿಗೆ ತೀರ ಹತ್ತಿರ ಹಿಡಿಯಬೇಕು. ಹೊಸ ಸಂಗ್ರಾಹಕರು 20 ಪಟ್ಟಿನದನ್ನು ಮೊದಲಿಗೇ ಕೊಳ್ಳುವುದು ವ್ಯರ್ಥ.